ಹೊಡೆದು ಹಾಕಿದ ಸರಿ ಲೆಕ್ಕ

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನು ಹುನಗುಂದದ ಒಬ್ಬ ವಕೀಲರು ಬಸುರಿ ಎಂದು ಬರೆದುಕೊಟ್ಟೆ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಲ್ಯಾಬಿನ ಮೊಹರು, ಎಲ್ಲ ಕ್ರಮಬದ್ಧವಾಗಿತ್ತು. ಅವರು ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಿಸಲು ಬಂದವರು. ಅವರ ಹಿಂದೆ ನಿಂತಿದ್ದವಳು ಹೊಸದಾಗಿ ಮದುವೆಯಾದ ಹೆಣ್ಣುಮಗಳು. ಎರಡು ಚೀಟಿಗಳ ಮೇಲೆ ನಾನು ಹೆಸರನ್ನು ಅದಲುಬದಲು ಮಾಡಿದ್ದೆ. ಮರುದಿನ ವಕೀಲರು ಕರಿಕೋಟಿನಲ್ಲೇ ಬಂದರು. ಕೋರ್ಟಿಗೆ ಎಳೆಯುತ್ತಾರೆ ಎಂದುಕೊಂಡೆ. ಅವರು ಚೀಟಿಯನ್ನು ಮೇಜಿನ ಮೇಲಿಟ್ಟು, "ತಮ್ಮಾ, ಎಷ್ಟ ತಿಂಗಳಾತು ಅನ್ನೂದ ಬರದಿಲ್ಲಲ್ಲ. ಜಡ್ಜ್ ಸಾಹೇಬ್ರಿಗೆ ರಜಾ ಅರ್ಜಿ ಕೊಡಬೇಕು, ಲಗೂ ಹೇಳು" ಎಂದರು.

ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಆ ಹೆಣ್ಣುಮಗಳು ಮಾತ್ರ ನಗಲಿಲ್ಲ. ತನಗೆ ಸಕ್ಕರೆ ಕಾಯಿಲೆ ಬಂತೆಂದು ಅವಳು ಎರಡು ಹೊತ್ತು ಊಟ ಬಿಟ್ಟಿದ್ದಳು.

ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಕ್ತ ನೋಡಿದೆ. ಈಗ ನಿವೃತ್ತನಾಗಿ ನವನಗರದಲ್ಲಿ ಬೆಳಿಗ್ಗೆ ಪೇಪರು, ಸಂಜೆ ವಾಕಿಂಗು ಎಂದು ಇದ್ದೇನೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ನದಾಫ್ ಸರ್, ಯಾವ ಮಷಿನ್ ಕಲತರ ಚಲೋ?" ಎಂದು ಕೇಳುತ್ತಾರೆ. ಮಷಿನ್ನಿನ ವಿಷಯ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ನನಗೆ ಪೂರ್ತಿ ಗೊತ್ತಿರುವ ವಿಷಯ ಒಂದೇ, ನಾನು ಮಾಡಿದ ತಪ್ಪುಗಳು. ಅವುಗಳಲ್ಲಿ ನಗುವಂಥವು ಕೆಲವಿವೆ, ಮೊದಲು ಅವನ್ನೇ ಹೇಳುತ್ತೇನೆ. ನಗಲಾಗದ ಒಂದಿದೆ. ಅದನ್ನು ಹೇಳುವ ಸಲುವಾಗಿಯೇ ಇದನ್ನು ಬರೆಯಲು ಕುಳಿತಿದ್ದು.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸರ್. ಸಣ್ಣ ಆಳು, ದಪ್ಪ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ. ಆಗ ರಕ್ತಕಣಗಳನ್ನು ಕೈಯಿಂದಲೇ ಎಣಿಸಬೇಕಿತ್ತು. ಸಣ್ಣ ಗೆರೆ ಕೊರೆದ ದಪ್ಪ ಗಾಜಿನ ತುಣುಕು, ಅದರ ಮೇಲೆ ತೆಳುಮಾಡಿದ ರಕ್ತದ ಹನಿ, ಮೈಕ್ರೋಸ್ಕೋಪಿನ ಕೆಳಗೆ ಮನೆ ಮನೆಯನ್ನೂ ಎಣಿಸುತ್ತ ಹೋಗುವುದು. ಒಂದು ರಕ್ತಕ್ಕೆ ಅರ್ಧ ಗಂಟೆ. ಕತ್ತು ಹಿಡಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಜಾಣ. ಮೂರು ತಿಂಗಳಲ್ಲಿ ಒಂದು ಸುಲಭದ ದಾರಿ ಕಂಡುಕೊಂಡೆ. ರೋಗಿಯ ಚೀಟಿ ನೋಡುವುದು, ನಾಲ್ಕು ಮನೆ ಎಣಿಸುವುದು, ಉಳಿದದ್ದನ್ನು ಅಂದಾಜಿನಲ್ಲಿ ಬರೆಯುವುದು.

ಒಂದು ಸೋಮವಾರ ಸರ್ ಎರಡು ಸೀಸೆಗಳನ್ನು ತಂದಿಟ್ಟರು. ಒಂದರ ಮೇಲೆ "ಹಣಮಪ್ಪ, ಕೂಲಿ" ಎಂದಿತ್ತು. ಇನ್ನೊಂದರ ಮೇಲೆ "ಶಾಂತಿಲಾಲ, ಬಟ್ಟೆ ವ್ಯಾಪಾರ". ನಾನು ಹಣಮಪ್ಪನಿಗೆ ರಕ್ತಹೀನತೆ ಎಂದು ಬರೆದೆ. ಶಾಂತಿಲಾಲರ ರಕ್ತ ಬಹಳ ಚೆನ್ನಾಗಿದೆ ಎಂದು ಬರೆದೆ. ಮಧ್ಯಾಹ್ನ ಸರ್ ನನ್ನನ್ನು ಕರೆದು ತಮ್ಮ ಮೊಳಕೈ ತೋರಿಸಿದರು. ಹತ್ತಿಯ ಮೇಲೆ ಪಟ್ಟಿ ಅಂಟಿಸಿತ್ತು.

"ಎರಡೂ ನನ್ನ ರಕ್ತಪ್ಪ" ಎಂದರು. "ಒಂದ ಮುಂಜಾನಿ ನಾ ಕೂಲಿನೂ ಆದೆ, ಸಾವ್ಕಾರನೂ ಆದೆ. ನೀ ರಕ್ತ ಎಣಸ್ತೀಯೋ, ಹೆಸರು ಎಣಸ್ತೀಯೋ?"

ಶಿಕ್ಷೆಯಾಗಿ ಅವರು ಒಂದು ತಿಂಗಳು ಪ್ರತಿ ರಕ್ತವನ್ನೂ ನನ್ನಿಂದ ಎರಡೆರಡು ಸಲ ಎಣಿಕೆ ಮಾಡಿಸಿದರು. ಆ ತಿಂಗಳಲ್ಲಿ ನಾನು ಕಲಿತಷ್ಟು ಕೆಲಸ ಮುಂದಿನ ಹತ್ತು ವರ್ಷದಲ್ಲಿ ಕಲಿಯಲಿಲ್ಲ. ಕಲಿತದ್ದನ್ನು ಮರೆಯಲು ನನಗೆ ಒಂದು ಮಷಿನ್ ಬೇಕಾಯಿತು ಅಷ್ಟೇ.

ಆ ಮಷಿನ್ ಬಂದಾಗ ಕುಲಕರ್ಣಿ ಸರ್ ನಿವೃತ್ತರಾಗಿ ಹೋಗಿದ್ದರು. ಬಿಳಿ ಬಣ್ಣದ್ದು, ನಮ್ಮ ಮನೆಯ ಟೀವಿಗಿಂತ ದೊಡ್ಡದು. ಮೂತಿಗೆ ರಕ್ತದ ಸೀಸೆ ಹಿಡಿದರೆ ಗುಟುಕು ಹೀರಿಕೊಂಡು ಒಂದು ನಿಮಿಷದಲ್ಲಿ ಎಲ್ಲ ಲೆಕ್ಕವನ್ನೂ ಕಾಗದದ ಮೇಲೆ ಕಕ್ಕುತ್ತಿತ್ತು. ಅದನ್ನು ಕೂಡಿಸಲು ಬಂದ ಎಂಜಿನಿಯರ್ "ಇನ್ನ ನಿಮ್ಮ ಕಣ್ಣಿಗೆ ಸೂಟಿ ಸರ್" ಎಂದ. ನಾನು ಅದನ್ನು ಆದೇಶ ಎಂದೇ ತಿಳಿದೆ. ಗೆರೆ ಕೊರೆದ ಗಾಜನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಗೆ ಹಾಕಿದೆ. ಆ ವರ್ಷದ ಆಯುಧ ಪೂಜೆಗೆ ಮಷಿನ್ನಿಗೆ ಹಾಕಲು ಚೆಂಡುಹೂವಿನ ಮಾಲೆ ತಂದವನು ನಾನೇ. ನನ್ನ ಹೆಂಡತಿ, "ಈದ್‌ಗೆ ನನಗ ಒಂದ್ ಮಳಾ ಮಲ್ಲಿಗಿ ತರಲಿಲ್ಲ, ಮಷಿನ್‌ಗೆ ಮಾರು ಮಾಲಿ ತಂದೀರಿ" ಎಂದಳು. ಆ ಮಾಲೆಯ ಎಸಳುಗಳು ಮಷಿನ್ನಿನ ಹಿಂದಿನ ಫ್ಯಾನಿಗೆ ಸಿಕ್ಕಿ, ಅದು ಬಿಸಿಯಾಗಿ, ಎರಡು ದಿನ ಲ್ಯಾಬು ಬಂದ್. ಎಂಜಿನಿಯರ್ ಚಿಮಟದಿಂದ ಎಸಳು ತೆಗೆಯುತ್ತಿದ್ದಾಗ ಯಾರು ಹಾಕಿದ್ದೆಂದು ಕೇಳಿದ. ಗೊತ್ತಿಲ್ಲ ಎಂದೆ.

ಆ ಮಷಿನ್ ಹೇಗೆ ಎಣಿಸುತ್ತದೆ ಎನ್ನುವುದನ್ನು ಇಲ್ಲಿ ಹೇಳಬೇಕು. ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಬಸ್ಸಿನ ಬಾಗಿಲ ಹತ್ತಿರ ಮಕ್ಕಳ ಎತ್ತರ ನೋಡಲು ಒಂದು ಗುರುತು ಇರುತ್ತದಲ್ಲ, ಹಾಗೆ. ಗುರುತಿಗಿಂತ ಕೆಳಗಿದ್ದವನಿಗೆ ಅರ್ಧ ಟಿಕೆಟ್, ಮೇಲಿದ್ದವನಿಗೆ ಪೂರ್ತಿ. ಮಷಿನ್ ಕೂಡ ಗಾತ್ರ ನೋಡಿಯೇ ಹೆಸರು ಕೊಡುತ್ತದೆ. ಸಣ್ಣದು ಕಂಡರೆ ಪ್ಲೇಟ್‌ಲೆಟ್, ಅಂದರೆ ಗಾಯವಾದಾಗ ರಕ್ತ ನಿಲ್ಲಿಸುವ ಕಣ. ದೊಡ್ಡದು ಕಂಡರೆ ಕೆಂಪು ರಕ್ತಕಣ. ವಯಸ್ಸಿಗೆ ಮೀರಿ ಎತ್ತರ ಬೆಳೆದ ಹುಡುಗನಿಗೆ ಕಂಡಕ್ಟರ್ ಪೂರ್ತಿ ಟಿಕೆಟ್ ಹರಿಯುವಂತೆ, ದೊಡ್ಡ ಗಾತ್ರದ ಪ್ಲೇಟ್‌ಲೆಟ್ ಬಂದರೆ ಮಷಿನ್ ಅದನ್ನು ಕೆಂಪು ಕಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಅದಕ್ಕೇ ಲೆಕ್ಕ ಬಹಳ ಕಡಿಮೆ ಬಂದಾಗ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಕಣ್ಣಿನಿಂದ ನೋಡಿಯೇ ಬರೆಯಬೇಕು ಎಂಬ ನಿಯಮವಿದೆ. ನಾನು ನಿಯಮ ಪಾಲಿಸುತ್ತಿದ್ದೆ. "ಸ್ಲೈಡ್ ನೋಡಿ ಖಚಿತಪಡಿಸಲಾಗಿದೆ" ಎಂದು ಒಂದು ರಬ್ಬರ್ ಮೊಹರು ಮಾಡಿಸಿ ಇಟ್ಟುಕೊಂಡಿದ್ದೆ. ಸ್ಲೈಡನ್ನು ಒಂದು ಕಣ್ಣಿನಿಂದ ಅರೆಕ್ಷಣ ನೋಡುತ್ತಿದ್ದೆ, ಮೊಹರನ್ನು ಎರಡೂ ಕಣ್ಣು ಬಿಟ್ಟು ಸರಿಯಾಗಿ ಒತ್ತುತ್ತಿದ್ದೆ.

ಭಾಗ್ಯಶ್ರೀ ಮೊದಲ ಸಲ ಲ್ಯಾಬಿಗೆ ಬಂದಾಗ ಆರನೇ ಇಯತ್ತೆ ಓದುತ್ತಿದ್ದಳು. ಮರೋಳದ ಹುಡುಗಿ. ತಾಯಿ ಶಾಂತಮ್ಮ ಅಲ್ಲಿಯೇ ಅಂಗನವಾಡಿ ಕಾರ್ಯಕರ್ತೆ. ತಂದೆ ಇಳಕಲ್ಲಿನಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವವನು. ಹುಡುಗಿಗೆ ಮೂಗಿನಿಂದ ರಕ್ತ ಸೋರಲು ಶುರುವಾದರೆ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಬೆಂಚಿಗೆ ಮೊಣಕಾಲು ತಾಗಿದರೆ ಅಂಗೈಯಗಲ ನೀಲಿ ಕಲೆ. ಮಷಿನ್ ಪ್ಲೇಟ್‌ಲೆಟ್ ಲೆಕ್ಕ ಹದಿನೆಂಟು ಸಾವಿರ ಎಂದಿತು. ಆರೋಗ್ಯವಂತರಿಗೆ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ನಾನು ಮೊಹರು ಒತ್ತಿದೆ. ಆ ಕಾಗದ ನೋಡಿದ ತಜ್ಞರು, ಮೈಯೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡಿಕೊಳ್ಳುವ ಕಾಯಿಲೆ ಎಂದು ತೀರ್ಮಾನಿಸಿ ಸ್ಟೀರಾಯ್ಡ್ ಗುಳಿಗೆ ಶುರುಮಾಡಿದರು. ನನ್ನ ಕಾಗದ ನಂಬಿದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು.

ಎರಡು ತಿಂಗಳಿಗೊಮ್ಮೆ ತಾಯಿ ಮಗಳು ಮರೋಳದಿಂದ ಹುನಗುಂದ, ಹುನಗುಂದದಿಂದ ಬಾಗಲಕೋಟೆ ಎಂದು ಬಸ್ಸು ಬದಲಿಸಿ ಬರುತ್ತಿದ್ದರು. ಶಾಂತಮ್ಮನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅಂಗನವಾಡಿಯಲ್ಲಿ ದಿನವೂ ರಿಜಿಸ್ಟರು ಬರೆಯುವ ಹೆಂಗಸು, ಒಂದು ಕಾಗದವನ್ನೂ ಕಳೆದಿರಲಿಲ್ಲ. ಮೂರು ವರ್ಷದಲ್ಲಿ ಫೈಲು ದಪ್ಪವಾಯಿತು. ಹುಡುಗಿಯ ಮುಖವೂ ಆ ಗುಳಿಗೆಯಿಂದ ಊದಿಕೊಂಡು ತುಂಬುಚಂದ್ರನ ಹಾಗಾಯಿತು. ಲೆಕ್ಕ ಮಾತ್ರ ಹದಿನೆಂಟು, ಹತ್ತೊಂಬತ್ತು, ಹದಿನೇಳು ಸಾವಿರದಲ್ಲೇ ನಿಂತಿತ್ತು. ನಾನು ಮೊಹರು ಒತ್ತುತ್ತಲೇ ಇದ್ದೆ.

ನಡುವೆ ಒಂದು ದಿನ ಕರೆಂಟು ಹೋಯಿತು. ಯುಪಿಎಸ್ ಕೂಡ ಕೈಕೊಟ್ಟಿತು. ಮಷಿನ್ ಸತ್ತುಬಿದ್ದಿತ್ತು. ಶಾಂತಮ್ಮ ಕೊನೆಯ ಬಸ್ಸು ತಪ್ಪುತ್ತದೆ ಎಂದು ಅವಸರ ಮಾಡುತ್ತಿದ್ದಳು. ಅನಿವಾರ್ಯವಾಗಿ ಕಪಾಟಿನ ಮೇಲಿನ ಖಾನೆಯಿಂದ ಆ ಗಾಜನ್ನು ಇಳಿಸಿ, ಧೂಳು ಒರೆಸಿ, ಮೈಕ್ರೋಸ್ಕೋಪಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೈಯಿಂದ ಎಣಿಸಿದೆ. ಅರವತ್ತೆರಡು ಸಾವಿರ ಬಂತು. ಕಾಗದದ ಮೇಲೆ ಬರೆದೆ. ಅಷ್ಟರಲ್ಲಿ ಕರೆಂಟು ಬಂತು. ಮಷಿನ್ನಿಗೆ ಕೊಟ್ಟು ನೋಡಿದರೆ ಹತ್ತೊಂಬತ್ತು ಸಾವಿರ.

ಒಂದೇ ರಕ್ತ, ಎರಡು ಲೆಕ್ಕ. ಮೂರು ಪಟ್ಟಿಗಿಂತಲೂ ಹೆಚ್ಚು ವ್ಯತ್ಯಾಸ. ಎಂಥ ದಡ್ಡನಿಗೂ ಅಲ್ಲಿ ಒಂದು ಪ್ರಶ್ನೆ ಹುಟ್ಟಬೇಕು. ನನಗೂ ಹುಟ್ಟಿತು, ನನ್ನ ಕನ್ನಡಕದ ನಂಬರ್ ಬದಲಾಗಿದೆಯೇನೋ ಎಂದು. ಅರವತ್ತೆರಡರ ಮೇಲೆ ಗೀಟು ಹಾಕಿ ಹೊಡೆದು, ಪಕ್ಕದಲ್ಲಿ ಹತ್ತೊಂಬತ್ತು ಎಂದು ಬರೆದು, ಸಣ್ಣ ಸಹಿ ಮಾಡಿ, ಮೊಹರು ಒತ್ತಿ ಕೊಟ್ಟೆ. ಮರುವಾರ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದೆ. ನಂಬರ್ ಬದಲಾಗಿರಲಿಲ್ಲ.

ಅದಾಗಿ ಒಂದೂವರೆ ವರ್ಷದ ಮೇಲೆ ಭಾಗ್ಯಶ್ರೀ ನಮ್ಮ ಆಸ್ಪತ್ರೆಯಲ್ಲೇ ಅಡ್ಮಿಟ್ ಆದಳು. ಆಗ ಒಂಬತ್ತನೇ ಇಯತ್ತೆ. ಗುಳಿಗೆಗಳಿಂದ ಏನೂ ಆಗದ ಕಾರಣ ಹೊಟ್ಟೆಯೊಳಗಿನ ಗುಲ್ಮವನ್ನು, ಅಂದರೆ ಸ್ಪ್ಲೀನ್ ಎಂಬ ಅಂಗವನ್ನು ತೆಗೆಯುವುದೆಂದು ನಿರ್ಧಾರವಾಗಿತ್ತು. ಪ್ಲೇಟ್‌ಲೆಟ್‌ಗಳು ನಾಶವಾಗುವುದು ಅಲ್ಲಿಯೇ, ಅದನ್ನು ತೆಗೆದರೆ ಲೆಕ್ಕ ಏರುತ್ತದೆ ಎಂಬ ವಿಚಾರ. ಶನಿವಾರ ಆಪರೇಷನ್. ಸೋಮವಾರ ಶಾಂತಮ್ಮ ಫೈಲು ಹಿಡಿದು ಲ್ಯಾಬಿಗೆ ಬಂದಳು. ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದಳು.

"ಸರ್, ಎಲ್ಲಾ ಕಾಗದಾ ತಾರೀಖಿನ ಪರ್ಕಾರ ಜೋಡಸಾಕತ್ತಿದ್ದೆ. ಈ ಒಂದರಾಗ ಯಾಕ ಎರಡು ಲೆಕ್ಕ ಅದಾವ್ರಿ?"

ನನ್ನದೇ ಅಕ್ಷರ. ನನ್ನದೇ ಗೀಟು. "ಅದಾ? ಮೊದಲ ಬರದದ್ದು ತಪ್ಪಾಗಿತ್ರಿ. ಆಮ್ಯಾಲೆ ಸರಿ ಮಾಡೇನಿ" ಎಂದೆ.

"ಹಂಗೇನ್ರಿ" ಎಂದು ಅವಳು ಕಾಗದವನ್ನು ಜೋಪಾನವಾಗಿ ಒಳಗಿಟ್ಟುಕೊಂಡು ಮೇಲಿನ ವಾರ್ಡಿಗೆ ಹೋದಳು.

ಅವಳು ಅನುಮಾನ ಪಟ್ಟಿದ್ದರೆ ನಾನು ಜಗಳ ಮಾಡಿ ಮರೆತುಬಿಡುತ್ತಿದ್ದೆನೇನೋ. ಅವಳು ನಂಬಿದಳು. ಅದೇ ನನಗೆ ಕುಳಿತಲ್ಲಿ ಕೂರಲು ಬಿಡಲಿಲ್ಲ. ಅಂದು ಬೆಳಿಗ್ಗೆ ತೆಗೆದ ರಕ್ತದ ಸ್ಲೈಡು ಮಾಡಿದೆ, ಬಣ್ಣ ಹಾಕಿದೆ, ಎಣ್ಣೆಯ ಹನಿ ಬಿಟ್ಟು ಮೈಕ್ರೋಸ್ಕೋಪಿನ ಮುಂದೆ ಸರಿಯಾಗಿ ಕುಳಿತು ನೋಡಿದೆ. ಕೆಂಪು ಕಣಗಳ ನಡುವೆ ಅಲ್ಲಲ್ಲಿ ದುಂಡಗಿನ ನೇರಳೆ ಬಣ್ಣದ ಕಣಗಳು. ಅವನ್ನು ನಾನು ಮೊದಲೂ ನೋಡಿದ್ದೆ. ಬಣ್ಣದ ಕಸ ಎಂದೋ, ಸಣ್ಣ ಬಿಳಿ ರಕ್ತಕಣ ಎಂದೋ ದಾಟಿ ಹೋಗಿದ್ದೆ. ಪ್ಲೇಟ್‌ಲೆಟ್ ಎಂದರೆ ಕೆಂಪು ಕಣದ ಕಾಲು ಭಾಗಕ್ಕಿಂತ ಸಣ್ಣ ಚುಕ್ಕೆ. ಇವು ಕೆಂಪು ಕಣದಷ್ಟೇ ದೊಡ್ಡವು, ಒಂದೆರಡು ಅದಕ್ಕಿಂತ ದೊಡ್ಡವು. ಒಳಗೆ ಪ್ಲೇಟ್‌ಲೆಟ್ಟಿನದೇ ಸಣ್ಣ ಸಣ್ಣ ಕಾಳು.

ನಮ್ಮ ಆಗಿನ ಪೆಥಾಲಜಿಸ್ಟ್ ವಿಮಲಾ ಮೇಡಂ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಸಣ್ಣವರು. ಅವರು ಹೊಸದಾಗಿ ಬಂದಾಗ, ಈ ಹುಡುಗಿಗೆ ನಾನೇ ಕೆಲಸ ಕಲಿಸಬೇಕು ಎಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಅವರ ಕೋಣೆಯ ಬಾಗಿಲಲ್ಲಿ ಸ್ಲೈಡು ಹಿಡಿದು ನಿಂತೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು.

"ನದಾಫ್ರ, ಇವು ಪ್ಲೇಟ್‌ಲೆಟ್."

"ಹೌದ್ರಿ ಮೇಡಂ."

"ಮೂರು ವರ್ಷದಿಂದ ಈಕಿ ರಕ್ತ ನಮ್ಮಲ್ಲೇ ಬರ್ತೈತಿ."

"ಹೌದ್ರಿ ಮೇಡಂ."

"ಪ್ರತಿ ಕಾಗದದ ಮ್ಯಾಲೂ ನಿಮ್ಮ ಮೊಹರು ಐತಿ."

ಶಾಂತಮ್ಮನ ಕಾಗದದ ವಿಷಯ, ಗೀಟು ಹಾಕಿದ ಅರವತ್ತೆರಡು ಸಾವಿರದ ವಿಷಯ, ಎಲ್ಲ ಹೇಳಿದೆ. ಮೇಡಂ ಬೈಯಲಿಲ್ಲ. ತಮ್ಮ ಕೆಳಗೆ ಕೆಲಸ ಮಾಡಿದವರ ಕಾಗದಗಳನ್ನು ತಾವು ನೋಡದೆ ಬಿಟ್ಟದ್ದು ತಮ್ಮ ತಪ್ಪೂ ಹೌದು ಎಂದು ಮೆಲ್ಲಗೆ ಹೇಳಿ, ಎದ್ದು ಸರ್ಜನ್ ಹತ್ತಿರ ಹೋದರು. ನಾನು ಹಿಂದೆ ಹಿಂದೆ ಹೋದೆ.

ವಿಷಯ ಇಷ್ಟು. ಪ್ಲೇಟ್‌ಲೆಟ್ಟಿನ ಮೈಮೇಲೆ ಹಿಡಿಕೆಗಳಿರುತ್ತವೆ. ಪುಸ್ತಕದಲ್ಲಿ ಅವಕ್ಕೆ ರಿಸೆಪ್ಟರ್ ಎನ್ನುತ್ತಾರೆ. ರಕ್ತನಾಳ ಎಲ್ಲಿಯಾದರೂ ಹರಿದರೆ ಒಂದು ಬಗೆಯ ಹಿಡಿಕೆಯಿಂದ ಪ್ಲೇಟ್‌ಲೆಟ್ ಆ ಹರಿದ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಬಗೆಯ ಹಿಡಿಕೆಯಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಗೋಡೆ ಹಿಡಿಯುವ ಹಿಡಿಕೆಯೇ ಹುಟ್ಟಿನಿಂದ ಇಲ್ಲದ ಅಪರೂಪದ ಕಾಯಿಲೆಯೊಂದಿದೆ. ಅಂಥವರ ಪ್ಲೇಟ್‌ಲೆಟ್ ದೊಡ್ಡದಾಗಿರುತ್ತದೆ, ಸಂಖ್ಯೆಯಲ್ಲೂ ಸ್ವಲ್ಪ ಕಡಿಮೆ. ಗುಲ್ಮ ತೆಗೆದರೆ ಅದು ವಾಸಿಯಾಗುವುದಿಲ್ಲ. ಬದಲಿಗೆ, ಆಪರೇಷನ್ ಮೇಜಿನ ಮೇಲೆ ರಕ್ತ ನಿಲ್ಲದೆ ಹೋಗಬಹುದು.

ಸರ್ಜನ್ ನನ್ನ ಕಡೆ ನೋಡಿ, "ನದಾಫ್ರ ಕಣ್ಣ ನಂಬಿ ನಾ ಆಪರೇಷನ್ ನಿಲ್ಲಸ್ಬೇಕೇನ್ರಿ ಮೇಡಂ?" ಎಂದರು. ನನಗೆ ಅವಮಾನವಾಗಬೇಕಿತ್ತು. ಆದರೆ ಮೂರು ವರ್ಷ ನನ್ನ ಕಣ್ಣನ್ನು ನಂಬದವನು ನಾನೇ ಆಗಿದ್ದೆ.

"ಶನಿವಾರದೊಳಗ ಖಾತ್ರಿ ಮಾಡಿ ಕೊಡ್ತೇನಿ" ಎಂದರು ಮೇಡಂ.

ಖಾತ್ರಿ ಮಾಡುವ ಯಂತ್ರ ಹುಬ್ಬಳ್ಳಿಯ ಒಂದು ದೊಡ್ಡ ಲ್ಯಾಬಿನಲ್ಲಿತ್ತು. ಹುಡುಗಿಗೆ ಮೂಗಿನಲ್ಲಿ ಹತ್ತಿ ತುರುಕಿ ಮಲಗಿಸಿದ್ದರು, ಪ್ರಯಾಣ ಆಗದ ಮಾತು. ರಕ್ತವನ್ನೇ ಒಯ್ಯಬೇಕು. ಅದರ ಜೊತೆ ಒಬ್ಬ ಆರೋಗ್ಯವಂತನ ರಕ್ತವೂ ಹೋಗಬೇಕು, ಹೋಲಿಸಿ ನೋಡಲು. "ನಾನ ಒಯ್ತೇನ್ರಿ, ಆರೋಗ್ಯವಂತನೂ ನಾನ" ಎಂದೆ. ಮಂಗಳವಾರ ಬೆಳಿಗ್ಗೆ ಎರಡೂ ಸೀಸೆಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಕೆಡಬಾರದೆಂದು ಸುತ್ತಲೂ ಐಸ್ ತುಂಬಿ, ರೈಲು ಹತ್ತಿದೆ.

ಎದುರಿಗೆ ಶಿವಯೋಗ ಮಂದಿರಕ್ಕೆ ಹೊರಟ ಒಬ್ಬ ಯಜಮಾನರು ಕುಳಿತಿದ್ದರು. ಡಬ್ಬಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ, "ಕುಲ್ಫಿ ಏನ್ರಿ?" ಎಂದರು.

"ಅಲ್ರಿ, ರಕ್ತ" ಎಂದೆ, ಸ್ವಲ್ಪ ಎದೆ ಉಬ್ಬಿಸಿಯೇ.

ಅವರು ಮಡಿಲಲ್ಲಿದ್ದ ರೊಟ್ಟಿ ಗಂಟು ಎತ್ತಿಕೊಂಡು ಬೇರೆ ಸೀಟಿಗೆ ಹೋದರು. ಬಾದಾಮಿಯಲ್ಲಿ ಇಳಿಯುವವರೆಗೂ ನನ್ನ ಮೇಲೆ ಒಂದು ಕಣ್ಣು ಇಟ್ಟೇ ಇದ್ದರು.

ಹುಬ್ಬಳ್ಳಿಯ ಲ್ಯಾಬಿನಲ್ಲಿದ್ದ ಹೆಣ್ಣುಮಗಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಡಬ್ಬಿಯ ಮುಚ್ಚಳ ತೆಗೆದವಳೇ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಯ್ಯ ಸರ್, ಐಸ್‌ನಾಗ ಯಾಕ ತಂದ್ರಿ? ಥಂಡಿಗೆ ಪ್ಲೇಟ್‌ಲೆಟ್ ಕೆಡ್ತಾವ್ರಿ. ಎರಡೂ ವೇಸ್ಟ್ ಆದ್ವು."

"ನಾ ಮೂವತ್ತು ವರ್ಷ ಲ್ಯಾಬ್‌ನಾಗ ಇದ್ದೇನ್ರಿ" ಎಂದು ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಅವಳು ಪಾಪ, ನೀರು ತಂದುಕೊಟ್ಟಳು.

ಗುರುವಾರ ಮತ್ತೆ ಹೊರಟೆ. ಶನಿವಾರಕ್ಕೆ ಎರಡೇ ದಿನ. ಈ ಸಲ ಹೊಸದಾಗಿ ತೆಗೆದ ರಕ್ತದ ಎರಡು ಸೀಸೆಗಳನ್ನೂ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೆ. ಅಲುಗಾಡಬಾರದೆಂದು ಬಾಗಲಕೋಟೆಯಿಂದ ಹುಬ್ಬಳ್ಳಿಯವರೆಗೆ ಫೋಟೋಕ್ಕೆ ಕುಳಿತವನ ಹಾಗೆ ಕುಳಿತೆ. ಚಹಾದವನು ಬಂದಾಗಲೂ ಕತ್ತು ತಿರುಗಿಸಲಿಲ್ಲ.

ಆ ಹೆಣ್ಣುಮಗಳು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಮಾಡಿದಳು. ನಾನು ನೋಡಿರದ ಕೆಲಸ. ಅವಳ ಹತ್ತಿರ ಹೊಳೆಯುವ ಬಣ್ಣ ಕಟ್ಟಿದ ಔಷಧದ ಹನಿಗಳಿದ್ದವು. ಒಂದೊಂದು ಹನಿ ಒಂದೊಂದು ಬಗೆಯ ಹಿಡಿಕೆಗೆ ಮಾತ್ರ ಹೋಗಿ ಕೂರುತ್ತದೆ. ಆ ಹಿಡಿಕೆ ಇದ್ದರೆ ಕಣ ಹೊಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಯಂತ್ರ ಕಣಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ ನೋಡುತ್ತದೆ. ನಾನು ಹೆಸರು ನೋಡಿ ಎಣಿಸಿದ್ದೆ, ಆಮೇಲೆ ಗಾತ್ರ ನೋಡಿ ಎಣಿಸುವ ಮಷಿನ್ನನ್ನು ನಂಬಿದ್ದೆ. ಇದು ಕಣದ ಮೈ ತಡವಿ ಕೇಳುವ ಯಂತ್ರ.

ಪರದೆಯ ಮೇಲೆ ಗೆರೆಗಳು ಗುಡ್ಡದ ಹಾಗೆ ಎದ್ದವು. ಕಣಗಳು ಒಂದಕ್ಕೊಂದು ಅಂಟುವ ಹಿಡಿಕೆಗೆ ನನ್ನ ರಕ್ತದಲ್ಲೂ ಬಲಗಡೆ ಗುಡ್ಡ, ಭಾಗ್ಯಶ್ರೀಯ ರಕ್ತದಲ್ಲೂ ಬಲಗಡೆ ಗುಡ್ಡ. ಆಮೇಲೆ ಗೋಡೆ ಹಿಡಿಯುವ ಹಿಡಿಕೆಯ ಬಣ್ಣ. ನನ್ನ ಗುಡ್ಡ ಬಲಗಡೆಯೇ ಇತ್ತು. ಭಾಗ್ಯಶ್ರೀಯದು ಎಡಗಡೆಯ ಮೂಲೆಗೆ, ಬಣ್ಣವೇ ಹಾಕದ ಕಣಗಳ ಜಾಗಕ್ಕೆ ಹೋಗಿ ಕೂತಿತ್ತು.

"ಇಲ್ರಿ ಸರ್. ಆ ಹಿಡಿಕಿನ ಇಲ್ಲ. ಇನ್ನೊಂದ್ಸಲ ಮಾಡ್ತೇನಿ" ಎಂದಳು. ಮತ್ತೆ ಮಾಡಿದಳು. ಅದೇ ಬಂತು. ನಾನು ಕೂಡಲೇ ಮೇಡಂಗೆ ಫೋನ್ ಮಾಡಿದೆ. ಆ ಕಡೆಯಿಂದ ಅವರು ಸರ್ಜನ್‌ನ ಹೆಸರು ಹಿಡಿದು ಕೂಗುವುದು ನನಗೆ ಕೇಳಿಸಿತು.

ಹೊರಡುವಾಗ ಆ ಹೆಣ್ಣುಮಗಳು ಸಂಕೋಚದಿಂದ ಒಂದು ಮಾತು ಕೇಳಿದಳು. ಪ್ಲೇಟ್‌ಲೆಟ್ ಎಷ್ಟು ಚುರುಕಾಗಿ ಅಂಟುತ್ತವೆ ಎಂದು ಬೇರೊಂದು ಪರೀಕ್ಷೆಯನ್ನೂ ಅವಳು ಮಾಡಿದ್ದಳು.

"ಸರ್, ಈ ಆರೋಗ್ಯವಂತ ಮನಷ್ಯಾ ಯಾರ್ರಿ? ಅವರ ಹಿಡಿಕಿ ಎಲ್ಲಾ ಅದಾವು, ಆದ್ರ ಪ್ಲೇಟ್‌ಲೆಟ್ ಭಾಳ ಆಳಸಿ ಅದಾವ್ರಿ. ನೋವಿನ ಗುಳಿಗಿ ತಗೊಂಡಾರೇನು?"

ಹಿಂದಿನ ದಿನ ನನಗೆ ಹಲ್ಲು ನೋಯುತ್ತಿತ್ತು. ಎರಡು ಗುಳಿಗೆ ನುಂಗಿದ್ದೆ. ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಡುವ ಪರೀಕ್ಷೆಗೆ ಮೊದಲು ನೋವಿನ ಗುಳಿಗೆ ತೆಗೆದುಕೊಳ್ಳಬಾರದು ಎಂಬ ಸೂಚನೆಯ ಬೋರ್ಡನ್ನು ನಮ್ಮ ಲ್ಯಾಬಿನಲ್ಲಿ ಬರೆಸಿದವನು ನಾನು. "ನಮ್ಮ ಲ್ಯಾಬ್‌ನಾವ ಒಬ್ಬ ಅದಾನ್ರಿ, ಹೇಳ್ತೇನಿ ಅವಗ" ಎಂದು ಹೊರಗೆ ಬಂದೆ. ಪುಣ್ಯಕ್ಕೆ ಹಿಡಿಕೆ ನೋಡುವ ಪರೀಕ್ಷೆಗೆ ಆ ಗುಳಿಗೆ ಅಡ್ಡ ಬರುವುದಿಲ್ಲ.

ಆಪರೇಷನ್ ನಿಂತಿತು. ಶುಕ್ರವಾರ ಮೇಡಂ ನನ್ನನ್ನು ಕರೆದು, "ಆ ತಾಯಿಗೆ ಕಾಯಿಲೆ ವಿಷಯ ನಾ ಹೇಳೇನಿ. ಆ ಹೊಡದ ಹಾಕಿದ ಲೆಕ್ಕದ ವಿಷಯ ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದರು. ನಾನೇ ಹೇಳುತ್ತೇನೆ ಎಂದೆ. ವಾರ್ಡಿಗೆ ಹೋಗಿ ಶಾಂತಮ್ಮನನ್ನು "ಊಟ ಆತೇನ್ರಿ?" ಎಂದು ಕೇಳಿ ವಾಪಸು ಬಂದೆ. ಒಂದು ತಾಸು ಬಿಟ್ಟು ಮತ್ತೆ ಹೋಗಿ ಅದನ್ನೇ ಕೇಳಿದೆ. ಮೂರನೇ ಸಲ ಹೋದಾಗ ಅವಳೇ ಸ್ಟೂಲ್ ಸರಿಸಿದಳು.

"ಕುಂದರ್ರಿ ಸರ್. ಉಂಡೇನಿ, ಎರಡ್ಸಲ ಹೇಳೇನಿ. ನೀವು ಬ್ಯಾರೆ ಏನೋ ಹೇಳಾಕ ಬಂದೀರಿ." ದಿಂಬಿನ ಕೆಳಗಿನಿಂದ ಫೈಲು ತೆಗೆದಳು. "ಆ ಹೊಡದ ಹಾಕಿದ ಲೆಕ್ಕ ಖರೇ ಇತ್ತು. ಹೌದಲ್ರಿ?"

"ಹೌದ್ರಿ."

"ನಾ ಕೇಳಿದಾಗ ತಪ್ಪಾಗಿತ್ತು ಅಂದ್ರಿ."

"ಅಂದೆ. ಆ ದಿನಾನ ನಾ ನನ್ನ ಲೆಕ್ಕ ನಂಬಿದ್ರ ಒಂದೂವರಿ ವರ್ಷದ ಹಿಂದ ಗೊತ್ತಾಗ್ತಿತ್ರಿ. ಮಷಿನ್ ನಂಬಿದೆ. ತಪ್ಪು ನಂದು."

ಭಾಗ್ಯಶ್ರೀ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಮಾಡುತ್ತಿರಲಿಲ್ಲ ಎಂಬುದು ಅವಳ ಕಾಲಿನ ಬೆರಳುಗಳಿಂದ ಗೊತ್ತಾಗುತ್ತಿತ್ತು. ಶಾಂತಮ್ಮ ಅವಳ ಹೊದಿಕೆ ಸರಿಪಡಿಸಿದಳು.

"ಒಂದೂವರಿ ವರ್ಷ ಇಕಿ ಕನ್ನಡಿ ನೋಡಿಲ್ರಿ" ಎಂದಳು. "ಮನ್ಯಾಗಿನ ಕನ್ನಡಿ ನಾನ ತಗದ ಇಟ್ಟೇನಿ. ಸಾಲ್ಯಾಗ ಹುಡುಗ್ಯಾರು ಗುಂಡಮ್ಮ ಅಂತಾರಂತ ಸಾಲಿಗೆ ಹೋಗಂಗಿಲ್ಲಂತಿದ್ಲು. ದಿನಾ ಗುಳಿಗಿ ನುಂಗ್ಸಿದಾಕಿ ನಾನ್ರಿ."

ನಾನು ಕ್ಷಮೆ ಕೇಳುವುದು ಅವಳಿಗೆ ಬೇಕಾಗಿರಲಿಲ್ಲ. ಅವಳು ಆ ಕಾಗದವನ್ನು ಹೊರಗೆಳೆದು ನನ್ನ ಕೈಗೆ ಕೊಟ್ಟಳು.

"ಇದನ್ನ ಸರಿ ಮಾಡಿ ಕೊಡ್ರಿ. ನಮ್ಮ ರಿಜಿಸ್ಟರ್‌ನಾಗ ತಪ್ಪಾದ್ರ ತಿದ್ದಿ, ಯಾರು ತಿದ್ದಿದ್ರು, ಯಾಕ ತಿದ್ದಿದ್ರು ಅಂತ ಬರೀಬೇಕ್ರಿ. ನೀವೂ ಬರೀರಿ."

ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬರೆದೆ. "ಕೈಯಿಂದ ಎಣಿಸಿದ ಅರವತ್ತೆರಡು ಸಾವಿರವೇ ಸರಿ. ಮಷಿನ್ ಲೆಕ್ಕವನ್ನು ನಂಬಿ ನಾನು ಇದನ್ನು ತಪ್ಪಾಗಿ ಹೊಡೆದು ಹಾಕಿದ್ದೇನೆ." ಕೆಳಗೆ ಪೂರ್ತಿ ಹೆಸರು, ಪೂರ್ತಿ ಸಹಿ. ಅವಳು ಎರಡು ಸಲ ಓದಿ, ತಾರೀಖು ಹಾಕಿಸಿ, ಫೈಲಿನಲ್ಲಿಟ್ಟುಕೊಂಡಳು. ಲ್ಯಾಬಿಗೆ ಬಂದು ಆ ರಬ್ಬರ್ ಮೊಹರನ್ನು ಕಸದ ಡಬ್ಬಿಗೆ ಹಾಕಿದೆ. ಮೇಡಂ ಅದನ್ನು ಎತ್ತಿ ಮೇಜಿನ ಮೇಲಿಟ್ಟು, "ಒಗೀಬ್ಯಾಡ್ರಿ. ನೋಡಿ ಒತ್ರಿ" ಎಂದರು.

ಆ ಕಾಯಿಲೆಗೆ ಪೂರ್ತಿ ವಾಸಿಯಾಗುವ ಸುಲಭದ ಔಷಧವಿಲ್ಲ. ಆದರೆ ಹೆಸರು ತಿಳಿದರೆ ಹೇಗೆ ಬದುಕಬೇಕೆಂದು ತಿಳಿಯುತ್ತದೆ. ಸ್ಟೀರಾಯ್ಡನ್ನು ಹಂತಹಂತವಾಗಿ ನಿಲ್ಲಿಸಿದರು. ನೋವಿನ ಗುಳಿಗೆ ಮುಟ್ಟಬಾರದು, ಹಲ್ಲು ಕೀಳಿಸುವ ಮೊದಲು ಹೇಳಬೇಕು, ರಕ್ತ ನಿಲ್ಲದಿದ್ದರೆ ಯಾವ ಗುಳಿಗೆ, ಎಲ್ಲಿಗೆ ಓಡಬೇಕು ಎಂದು ಮೇಡಂ ಒಂದು ಕಾರ್ಡು ಬರೆದುಕೊಟ್ಟರು.

ಮುಂದಿನ ವರ್ಷ, ನಾನು ನಿವೃತ್ತನಾಗುವ ತಿಂಗಳು, ತೆಳ್ಳಗಿನ ಹುಡುಗಿಯೊಬ್ಬಳು ಲ್ಯಾಬಿನ ಕಿಟಕಿಯಲ್ಲಿ ಚೀಟಿ ಚಾಚಿದಳು. ಹೆಸರು ಓದಿ ಮುಖ ನೋಡಿದೆ, ಗುರುತು ಸಿಗಲಿಲ್ಲ. ಹಿಂದೆ ಶಾಂತಮ್ಮ ನಿಂತದ್ದನ್ನು ಕಂಡ ಮೇಲೆಯೇ ತಿಳಿಯಿತು. ಗದ್ದ ಚೂಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಮೂರು ವರ್ಷ ನೋಡಿದ ಮುಖ ಅವಳದಾಗಿರಲೇ ಇಲ್ಲ.

ಅವಳ ರಕ್ತವನ್ನು ಕೈಯಿಂದ ಎಣಿಸಿದೆ. ಎರಡು ಸಲ. ಅವಳು ಹೋಗದೆ ಮೇಜಿನ ಪಕ್ಕ ನಿಂತಿದ್ದಳು.

"ಕಾಕಾ, ನಂದು ನಾ ನೋಡ್ಲೇನ್ರಿ?"

ಸ್ಲೈಡು ಹೊಂದಿಸಿ ಜಾಗ ಬಿಟ್ಟುಕೊಟ್ಟೆ. ಯಾವುದು ಏನು ಎಂದು ಹೇಳಿದೆ. ಅವಳು ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. ತಲೆ ಎತ್ತದೆಯೇ ಕೇಳಿದಳು.

"ಇಷ್ಟ ದೊಡ್ಡವು ಅದಾವಲ್ರಿ. ನಿಮಗ ಕಾಣಲಿಲ್ಲೇನ್ರಿ?"

"ಕಾಣ್ತಿದ್ವವ್ವಾ" ಎಂದೆ.

ಅವಳು ತಲೆ ಎತ್ತಿ, "ನಿಮ್ಮದು ತೋರಸ್ರಿ" ಎಂದಳು. ನಾನು ಬೆರಳು ಚುಚ್ಚಿಕೊಂಡು ಇನ್ನೊಂದು ಸ್ಲೈಡು ಮಾಡಿದೆ. ಬಣ್ಣ ಒಣಗುವವರೆಗೂ ಅವಳು ಕಾಯ್ದಳು. ನೋಡಿದಳು. ತನ್ನ ಸ್ಲೈಡು ಹಾಕಿಸಿ ನೋಡಿದಳು, ಮತ್ತೆ ನನ್ನದು ಹಾಕಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದ ನಗು ನಕ್ಕಳು.

"ಯವ್ವಾ, ಕಾಕಾಂದು ನೋಡು ಬಾ. ಏನೂ ಇಲ್ಲ, ಬರೇ ಸಾಸವಿ ಕಾಳು!"